ಅತ್ತೆಯ ಬೆನ್ನ ಮೇಲೆ ಕೂತವರು

ಅತ್ತೆಯನ್ನು ಒದ್ದು ಊರವರಿಂದ ಭೇಷ್ ಅನ್ನಿಸಿಕೊಂಡ ಸೊಸೆ ನಮ್ಮ ನಲ್ಲೂರಿನಲ್ಲಿ ನಾನೊಬ್ಬಳೇ! ಒದೆಸಿಕೊಂಡ ಅತ್ತೆಯೇ ಕೈಗೆ ಬೆಲ್ಲ ಕೊಡುತ್ತಿದ್ದರು ಅಂದರೆ ನಂಬುತ್ತೀರಾ? ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೆಲ್ಲಗೆ ಒದ್ದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ, ಕಾಲನ್ನೇ ನೋಡಿ ಒಪ್ಪಿದರು.

ಅವರ ಬೆನ್ನು ಎಲ್ಲರಂಥದ್ದಲ್ಲ. ಮೂಟೆ ಎತ್ತಿದರೆ ಏನೂ ಆಗದು! ಸುಮ್ಮನೆ ಕೂತಿದ್ದಾಗ ಹಿಡಿದುಕೊಂಡು, ಮುಖ ನೆಲ ನೋಡುವಷ್ಟು ಬಾಗಿಸಿಬಿಡುತ್ತಿತ್ತು. "ಬೆನ್ನ ಮ್ಯಾಲೆ ಯಾರೋ ಕುಂತಾರೆ ಕಣವ್ವ" ಎನ್ನುತ್ತಿದ್ದರು. ಒಮ್ಮೆ, "ಹಗೂರ ಐತೆ, ಕೂಸು ಇದ್ದಂಗೈತೆ" ಅಂದರು. ನಾನು ನಕ್ಕೆ. ಸಂಜೆ ಜಗಳೂರಿನಿಂದ ಆಳು ಬಂದ. ಅವರ ತಂಗಿಯ ಮೊಮ್ಮಗು ತೀರಿಹೋಗಿತ್ತು. ಆಮೇಲೆ ನಾನೆಂದೂ ಆ ಮಾತಿಗೆ ನಗಲಿಲ್ಲ.

ಚನ್ನಗಿರಿಯ ಡಾಕ್ಟರು ಒತ್ತಿ ನೋಡಿ, "ಮೂಳೆಗೇನೂ ಆಗಿಲ್ಲ, ಇದು ಬರೀ ಚಿಂತೆ" ಎಂದು ಎಣ್ಣೆ ಕೊಟ್ಟರು.

"ಚಿಂತೆ ಇರೋದು ಎದಿಯಾಗೆ. ಬೆನ್ನಿಗ್ಯಾಕೆ ಎಣ್ಣೆ ಕೊಡ್ತೀರಿ?" ಅಂದರು ಅತ್ತೆ. ಡಾಕ್ಟರು ಪೆನ್ನಿನ ಮುಚ್ಚಳ ಹುಡುಕತೊಡಗಿದರು!

ಯುದ್ಧದ ಕಾಲ. ಅವರ ಕಿರಿಮಗ, ನನ್ನ ಮೈದುನ, ಸಿಪಾಯಿಯಾಗಿ ಬರ್ಮಾ ಕಡೆ ಹೋದವನು ಕಾಗದ ಬರೆದು ತಿಂಗಳುಗಳಾಗಿದ್ದವು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಹಾಗೆಯೇ ಬಾಗಿದರು. ಮಧ್ಯಾಹ್ನ ತಂತಿ ಬಂತು, ಹುಡುಗ ಇನ್ನಿಲ್ಲವೆಂದು. ಮಾವ ಅದನ್ನು ನನ್ನ ಕೈಗೆ ತುರುಕಿ, "ಬೆನ್ನು ನೆಟ್ಟಗಾಗೋ ತನಕ ಬಾಯಿ ಬಿಡಬ್ಯಾಡವ್ವ" ಎಂದು ಅಳುತ್ತಾ ಹಿತ್ತಲಿಗೆ ಹೋದರು. ನೆಟ್ಟಗಾದ ಬೆನ್ನು ಈ ಸುದ್ದಿ ತಡೆಯುತ್ತದೆಯೇ? ಯಾರನ್ನು ಕೇಳಲಿ!

ಅತ್ತೆಯನ್ನು ಬೋರಲು ಮಲಗಿಸಿ ಕಾಲೆತ್ತಿದೆ. ತಂತಿ ನನ್ನ ಸೊಂಟದಲ್ಲಿ ಸಿಕ್ಕಿಸಿತ್ತು. ಅವರು ಕೈ ಹಿಂದೆ ಚಾಚಿ ನನ್ನ ಪಾದ ಹಿಡಿದರು.

"ಒದಿಬ್ಯಾಡವ್ವ. ಈ ಸಲ ಕುಂತೋನು ಯಾರಂತ ಗೊತ್ತೈತೆ. ಸಣ್ಣೋನಿದ್ದಾಗ ಹಿಂಗೇ ಕುತ್ತಿಗೆ ತಬ್ಬಿಕೊಳ್ತಿದ್ದ."

ನಾನು ಕುಸಿದು ಕೂತು ತಂತಿ ಕೊಟ್ಟೆ. ಓದಲು ಬಾರದ ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ಬಹಳ ವರ್ಷ ಬದುಕಿದರು. ಎಷ್ಟು ಬೇಡಿದರೂ ಬೆನ್ನಿಗೆ ನನ್ನ ಕಾಲು ತಾಗಗೊಡಲಿಲ್ಲ. ಬಾಗಿಯೇ ನೀರು ತಂದರು, ಬಾಗಿಯೇ ನನ್ನ ಮಕ್ಕಳನ್ನು ಸಾಕಿದರು. ಜಗಲಿಯ ಮೆಟ್ಟಿಲು ಇಳಿಯುವಾಗ ಮಾತ್ರ ಎರಡೂ ಕೈಗಳನ್ನು ಹಿಂದಕ್ಕೆ ಕೊಟ್ಟು, ಅವನು ಜಾರದಂತೆ ಹಿಡಿದುಕೊಳ್ಳುತ್ತಿದ್ದರು.