ಹನ್ನೊಂದು ಸಲ ನೋಡಿದ ಸಿನೆಮಾ

"ಈ ಭಾನುವಾರ ಸಂಜೆ ನಮ್ಮ ಓಣಿಯಲ್ಲಿ ಒಬ್ಬರೂ ಅಜ್ಞಾನಿಗಳಾಗಿ ಉಳಿಯಬಾರದು! ಕೊಲೆ ಎಂದರೇನು, ಪತ್ತೇದಾರಿ ಎಂದರೇನು, ನಟನೆ ಎಂದರೇನು, ಎಲ್ಲವನ್ನೂ ತೋರಿಸಿಯೇ ಬಿಡುತ್ತೇನೆ!"

ಬಸವಕಲ್ಯಾಣದ ನನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಎದ್ದು ನಿಂತು, ಅಳೆಯುವ ಮೀಟರು ಕೋಲನ್ನು ಗದೆಯಂತೆ ಹೆಗಲಿಗೇರಿಸಿ ನಾನು ಹೀಗೆ ಪ್ರತಿಜ್ಞೆ ಮಾಡಿದ್ದು ೧೯೮೬ರ ಆಷಾಢದ ಒಂದು ಶನಿವಾರ. ಮರುದಿನ ಟಿ.ವಿ.ಯಲ್ಲಿ 'ತೇರವೀ ಸೀಡಿ' ಬರಲಿತ್ತು. ಅಂದರೆ ಹದಿಮೂರನೆಯ ಮೆಟ್ಟಿಲು! ಕಪ್ಪು-ಬಿಳುಪಿನ ಕಾಲದ ಹಿಂದಿ ಖೂನಿ ಸಿನೆಮಾ. ಓಣಿಗೆಲ್ಲ ಇದ್ದದ್ದು ಒಂದೇ ಟಿ.ವಿ., ಅದು ನನ್ನದು. ಆ ಸಿನೆಮಾವನ್ನು ಹನ್ನೊಂದು ಸಲ ನೋಡಿದ ಮಹಾಪುರುಷ ಇಡೀ ಬೀದರ ಜಿಲ್ಲೆಗೆ ಒಬ್ಬನೇ, ಅವನೂ ನಾನೇ, ಮಹಾರುದ್ರಪ್ಪ!

ಈ ಹನ್ನೊಂದು ಸಲದ ಸಂಗತಿಯನ್ನು ನಾನು ಇಪ್ಪತ್ತಾರು ವರ್ಷಗಳಿಂದ ಸಾರುತ್ತ ಬಂದಿದ್ದೆ. ನನ್ನ ಹೆಂಡತಿ ಲಲಿತಾಬಾಯಿ ಮದುವೆಯಾದ ಮೂರನೆಯ ದಿನವೇ ಕೇಳಿದ್ದಳು. ಗಿರಾಕಿಗಳು ಸೀರೆ ಬಿಚ್ಚಿಸಿ ಬಿಚ್ಚಿಸಿ ಕೇಳಿದ್ದರು. ಆ ಸಿನೆಮಾದ ನಟರೆಲ್ಲ ನನಗೆ ನೆಂಟರಿದ್ದಂತೆ. ಪತ್ತೇದಾರನಾಗಿದ್ದವನು ರತನ್ ಬಾಲಿ: ಬೊಂಬಾಯಿಯ ಉರಿಬಿಸಿಲಿನಲ್ಲೂ ಉದ್ದ ಕೋಟು, ಓರೆ ಟೋಪಿ, ಮೂರು ತಾಸು ಸೇದಿದರೂ ಮುಗಿಯದ ಸಿಗರೇಟು! ಡಾಕ್ಟರನಾಗಿದ್ದವನು ಸೂರತಿ, ಅವನು "ಚಹಾ ಬೇಕು" ಎಂದರೂ "ವಿಷ ಬೇಕು" ಎಂದಂತೆ ಕೇಳಿಸುತ್ತಿತ್ತು. ಇನ್ನು ಕೊಲೆಯಾಗುವ ರಾಯಬಹದ್ದೂರನ ಪಾತ್ರದ ಫಾಜಿಲ್ ಸಾಹೇಬರು. ಯಾವ ಸಿನೆಮಾದಲ್ಲೂ ಅವರು ಹತ್ತು ನಿಮಿಷಕ್ಕಿಂತ ಹೆಚ್ಚು ಬದುಕಿದವರಲ್ಲ. ಸಾಯುವುದೇ ಅವರ ಜೀವನೋಪಾಯ!

ಈಗ ನಿಮಗೊಬ್ಬರಿಗೇ ಒಂದು ಗುಟ್ಟು ಹೇಳುತ್ತೇನೆ. ಹನ್ನೊಂದು ಸಲ ನೋಡಿದ್ದು ಸುಳ್ಳಲ್ಲ. ಆದರೆ ಕೊನೆಯನ್ನು ಒಂದು ಸಲವೂ ನೋಡಿರಲಿಲ್ಲ!

ಆಗಿದ್ದು ಹೀಗೆ. ೧೯೬೦ರಲ್ಲಿ ನನಗೆ ಇಪ್ಪತ್ತು ವರ್ಷ. ಅಂಗಡಿಗೆ ಮಾಲು ಗೊತ್ತುಮಾಡಲು ಅಪ್ಪ ನನ್ನನ್ನು ವಾರಕ್ಕೆರಡು ಸಲ ಹುಮನಾಬಾದಿಗೆ ಕಳಿಸುತ್ತಿದ್ದ. ಅಲ್ಲಿ ಬಸ್ ನಿಲ್ಲುವ ಜಾಗದ ಹಿಂದೆಯೇ ತಂಬುವಿನಲ್ಲಿ ಸಿನೆಮಾ. ಆಟ ಶುರುವಾಗುವುದು ಆರಕ್ಕೆ. ಕಲ್ಯಾಣದ ಕೊನೆಯ ಬಸ್ಸು ಎಂಟೂವರೆಗೆ. ತೆರೆಯ ಮೇಲೆ ರತನ್ ಬಾಲಿ ಎಲ್ಲರನ್ನೂ ಹವೇಲಿಯ ಮೆಟ್ಟಿಲ ಬಳಿ ಸೇರಿಸಿ, ಸಿಗರೇಟು ಎಸೆದು, ಬೆರಳೆತ್ತಿ, "ರಾಯಬಹದ್ದೂರರ ಸಾವಿಗೆ ಕಾರಣ ಈ ಹವೇಲಿಯಲ್ಲೇ ಇದೆ!" ಎಂದು ಹಿಂದಿಯಲ್ಲಿ ಗುಡುಗುತ್ತಿದ್ದ. ಅದೇ ಕ್ಷಣಕ್ಕೆ ಹೊರಗಿನಿಂದ ಬಸ್ಸಿನ 'ಪೋಂ ಪೋಂ!' ಬಸ್ಸು ತಪ್ಪಿದರೆ ಊರಲ್ಲಿ ಅಪ್ಪನ ಕೈಯಲ್ಲಿ ನನ್ನದೇ ಖೂನಿ! ಹನ್ನೊಂದು ಸಲ ಅವನ ಬೆರಳು ಮೇಲೆದ್ದಿತು, ಹನ್ನೊಂದು ಸಲ ನಾನೂ ಎದ್ದೆ. ಹನ್ನೆರಡನೆಯ ಸಲ ಹೋದಾಗ ತಂಬು ಕಿತ್ತಿದ್ದರು.

ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಕೇಳಲಿ? ಅಷ್ಟರಲ್ಲಿ ಊರೆಲ್ಲ ಬಡಾಯಿ ಕೊಚ್ಚಿಯಾಗಿತ್ತು! ಕೊಂದವನು ಡಾಕ್ಟರನೇ, ಹವೇಲಿಯ ಲೆಕ್ಕ ಬರೆಯುವ ಮುನೀಮನೇ, ರಾಯಬಹದ್ದೂರನ ಸೋದರಳಿಯನೇ? ಇಪ್ಪತ್ತಾರು ವರ್ಷ ಈ ಮೂವರೂ ನನ್ನ ತಲೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು.

ಭಾನುವಾರ ಸಂಜೆ ನನ್ನ ಪಡಸಾಲೆಯಲ್ಲಿ ಮೂವತ್ತು ಜನ. ಮುಂದಿನ ಕುರ್ಚಿಯಲ್ಲಿ ಪಕ್ಕದ ಮನೆಯ ಅಬ್ದುಲ್ ಕರೀಂ ಮಾಸ್ತರರು. ಉರ್ದು ಶಾಲೆಯಿಂದ ನಿವೃತ್ತರಾದವರು. ಹಿಂದಿ ತಿಳಿಯದವರಿಗೆಲ್ಲ ಅವರೇ ಅರ್ಥ ಹೇಳುವವರು. ಆದರೆ ಅಂದು ಅವರಿಗೆ ಬಾಯಿ ತೆರೆಯಲು ನಾನು ಬಿಟ್ಟರೆ ತಾನೆ?

"ಮಾಸ್ತರ, ಈಗ ಡಾಕ್ಟರ ಬರ್ತಾನ ನೋಡ್ರಿ. ಕಣ್ಣು ನೋಡ್ರಿ ಅವನ ಕಣ್ಣು!"

"ನೋಡ್ತೀವ್ರಿ ಸಾವಕಾರ್ರ. ಮೊದಲ ನೀವು ಟಿ.ವಿ. ಮುಂದಿಂದ ಸರೀರಿ!"

ಒಳಗಿನಿಂದ ಲಲಿತಾಬಾಯಿ ಕೂಗಿದಳು: "ಏನ್ರಿ, ಟಿ.ವಿ.ಯಾಗಿನ ಮಂದಿ ಮಾತಾಡೋದು ನಮಗ ಕೇಳಸವಲ್ದು. ನೀವು ಮಾತಾಡೋದು ಅವರಿಗಿ ಭೀ ಕೇಳಸಾಕತ್ತದ!"

"ಕಡೀಕ ಖೂನಿ ಮಾಡಿದಾವ ಯಾರಂತ ಮಾತ್ರ ಹೇಳಬ್ಯಾಡ್ರಿ," ಎಂದು ಮಾಸ್ತರರು ಕೈಮುಗಿದರು.

"ನನ್ನ ನಾಲಗಿ ಕೊಯ್ದರೂ ಹೇಳಾಂಗಿಲ್ಲ!" ಎಂದೆ. ಆ ದಿನ ನಾನಾಡಿದ ಮಾತುಗಳಲ್ಲಿ ಅಪ್ಪಟ ಸತ್ಯ ಇದೊಂದೇ.

ಕೊನೆ ಹತ್ತಿರವಾಯಿತು. ಹವೇಲಿ, ಮೆಟ್ಟಿಲು, ಎಲ್ಲರೂ ಸಾಲಾಗಿ ನಿಂತಿದ್ದಾರೆ. ನನ್ನ ಎದೆ ಹಿಟ್ಟಿನ ಗಿರಣಿಯಂತೆ ಬಡಿಯುತ್ತಿತ್ತು. ಇವತ್ತು ಯಾವ ಬಸ್ಸೂ ಇಲ್ಲ, ಯಾವ ಅಪ್ಪನೂ ಇಲ್ಲ! ರತನ್ ಬಾಲಿ ಸಿಗರೇಟು ಎಸೆದ. ಬೆರಳೆತ್ತತೊಡಗಿದ...

ಆಷಾಢದ ಗಾಳಿ ಧೊಪ್ಪನೆ ಬೀಸಿತು. ರತನ್ ಬಾಲಿ ಹೋಗಿ ಪರದೆಯ ತುಂಬ ಅಡ್ಡಗೆರೆ! ಎಂಟೆನಾ ತಿರುಗಿಬಿಟ್ಟಿತ್ತು.

ಯಾರಿಗೂ ಹೇಳುವಷ್ಟು ವ್ಯವಧಾನವಿರಲಿಲ್ಲ. ಧೋತ್ರ ಎತ್ತಿ ಕಟ್ಟಿ ನಿಚ್ಚಣಿಕೆ ಏರಿ ಮಾಳಿಗೆಯ ಮೇಲೆ ಹಾರಿದೆ. ಕಂಬ ಹಿಡಿದು ತಿರುವಿದೆ.

"ಬಂತಾ?"

"ಇಲ್ಲ!"

"ಈಗ?"

"ಟೋಪಿ ಬಂತು, ಮಾರಿ ಬರವಲ್ದು!"

"ಈಗ?"

"ಬಂತು! ಬಂತು! ಛಂದ ಬಂತು!" ಮೂವತ್ತು ಕಂಠಗಳು ಒಟ್ಟಿಗೆ ಕೂಗಿದವು. ಕಂಬ ಬಿಟ್ಟು ನಿಚ್ಚಣಿಕೆಯತ್ತ ಓಡಿದೆ. "ಹೋಯ್ತು! ಹೋಯ್ತು!" ಮತ್ತೆ ಬಂದು ಹಿಡಿದೆ. "ಬಂತು! ಸಾವಕಾರ್ರ, ಅಲ್ಲೇ ನಿಲ್ರಿ! ಕೈ ಬಿಡಬ್ಯಾಡ್ರಿ!"

"ಬ್ಯಾರೆ ಯಾರರ ಮ್ಯಾಲ ಬರ್ರಿ!" ಎಂದು ಅಂಗಲಾಚಿದೆ.

ಮಾಸ್ತರರ ಧ್ವನಿ ಕೇಳಿಸಿತು: "ನೀವು ಹನ್ನೊಂದು ಸಲ ನೋಡೀರಿ, ನಾವು ಒಂದು ಸಲ ಭೀ ನೋಡಿಲ್ಲ. ಪುಣ್ಯ ಬರ್ತದ, ಹಿಡ್ಕೊಂಡು ನಿಲ್ರಿ!"

ನಿಂತೆ. ಕೆಳಗೆ ಎಲ್ಲರಿಗೂ ಚಿತ್ರ, ಮೇಲೆ ನನಗೊಬ್ಬನಿಗೆ ಚಿತ್ರಹಿಂಸೆ! ಗಾಳಿಗೆ ಮಾತೊಂದೂ ಕೇಳಿಸಲಿಲ್ಲ. ಕೊನೆಗೆ ಮೂವತ್ತೂ ಜನ ಒಮ್ಮೆಲೇ "ಅಯ್ಯಯ್ಯೋ!" ಎಂದದ್ದು ಮಾತ್ರ ಕೇಳಿಸಿತು. ಗಾಳಿ ತಗ್ಗಿ ನಾನು ಕೆಳಗಿಳಿದಾಗ ಟಿ.ವಿ.ಯಲ್ಲಿ ಸಾಬೂನಿನ ಜಾಹೀರಾತು.

"ಖರೆ ಅಂದ್ರಿ ಸಾವಕಾರ್ರ, ಅಗದಿ ಭಾರಿ ಸಿನೆಮಾ! ಕಡೀಕ ಹಿಂಗ ಆಗ್ತದಂತ ಕನಸಿನ್ಯಾಗ ಭೀ ಅಂದಿದ್ದಿಲ್ಲ!" ಎಂದು ಎಲ್ಲರೂ ನನ್ನ ಬೆನ್ನು ಚಪ್ಪರಿಸಿ ಹೋದರು. ಯಾರಾದರೂ ಕೊಲೆಗಾರನ ಹೆಸರೆತ್ತಿದರೇ? ಇಲ್ಲ! ಗೊತ್ತಿದ್ದವನಿಗೆ ಯಾರು ಹೇಳುತ್ತಾರೆ?

ಸೋಮವಾರ ನಾನು ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೋರಖಂಡಿಯ ಗಿರಾಕಿಯೊಬ್ಬ ಎರಡೂವರೆ ಮೀಟರು ಅಂಗಿ ಅರಿವೆ ಕೇಳಿದರೆ ಹದಿಮೂರು ಮೀಟರು ಹರಿದು ಕೈಗಿಟ್ಟೆ! ಮಾಸ್ತರರು ಪತ್ರಿಕೆ ಓದಲು ಅಂಗಡಿಗೆ ಬಂದಾಗ ಉಪಾಯವಾಗಿ ಗಾಳ ಹಾಕಿದೆ.

"ಮಾಸ್ತರ, ಅಂವಾ ಹಾಂಗ ಮಾಡಬಾರದಿತ್ತು, ಅಲ್ರಿ?"

"ಯಾಂವಾ?"

"ಅದೇ... ಅಂವಾ! ಸಿನೆಮಾದಾಗ!"

"ಅಂವಾ ಏನು ಮಾಡಿದ ಪಾಪ?"

"ಅಲ್ಲ, ಗಲ್ಲಿಗಿ ಹಾಕಿದ್ದು ಜರಾ ಹೆಚ್ಚಾಯ್ತು ಅಂತೀನಿ..."

ಮಾಸ್ತರರು ಚಷ್ಮಾ ತೆಗೆದು ನನ್ನನ್ನೇ ನೋಡಿದರು. "ಸಾವಕಾರ್ರ, ಮಾಳಿಗಿ ಮ್ಯಾಲ ನಿಮಗ ಥಂಡಿ ಗಾಳಿ ಬಡದದ. ಶುಂಠಿ ಚಹಾ ಕುಡದು ಮಲಕೋರಿ."

ಊಟಕ್ಕೆ ಕೂತಾಗ ಹೆಂಡತಿಯ ಕಡೆ ತಿರುಗಿದೆ. "ಲಲಿತಾ, ಕಡೀಕ ಡಾಕ್ಟರನ ಪಾರ್ಟು ಹ್ಯಾಂಗ ಅನಸ್ತು?"

"ಛಂದ ಇತ್ತು."

"ಮುನೀಮಂದು?"

"ಅದೂ ಛಂದ ಇತ್ತು."

"ಮತ್ತ... ಸೋದರಳಿಯಂದು?"

"ಏನ್ರಿ, ತಾಟಿನ್ಯಾಗ ರೊಟ್ಟಿ ಇಟ್ಟೀನಿ. ನೀವು ನನ್ನ ತಲಿ ತಿನ್ನಾಕತ್ತೀರಿ!"

ಮಂಗಳವಾರ ಬೆಳಗಿನ ಬಸ್ಸಿಗೇ ಹುಮನಾಬಾದಿಗೆ ಹೊರಟೆ. ಅಲ್ಲಿ ನನ್ನ ಹೆಂಡತಿಯ ತಮ್ಮ ಬಸವಣಪ್ಪನ ಕಿರಾಣಿ ಅಂಗಡಿ ಇದೆ, ಮನೆಯಲ್ಲಿ ಟಿ.ವಿ. ಇದೆ, ಮುಖದ ಮೇಲೆ ಜಗತ್ಪ್ರಸಿದ್ಧ ಮೀಸೆ ಇದೆ. ಎರಡೂ ಕಡೆ ಒಂದೊಂದು ನಿಂಬೆಹಣ್ಣು ಕೂಡಿಸಬಹುದು, ಅಂಥ ಮೀಸೆ! ಅವನನ್ನು ಮೂಲೆಗೆ ಕರೆದು ಎಲ್ಲ ಒಪ್ಪಿಕೊಂಡು ಕೇಳಿಬಿಡುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡೆ.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಬಸವಣಪ್ಪ ಓಡಿಬಂದು ಕೈ ಹಿಡಿದ.

"ಮಾಮಾ, ದೇವರು ಬಂದಾಂಗ ಬಂದ್ರಿ! ಐತವಾರ ಇಲ್ಲಿ ಕಡೀ ಹತ್ತು ನಿಮಿಷ ಕರೆಂಟೇ ಹೋಯ್ತು! ಎರಡು ದಿನ ಆತು, ಯಾರಿಗಿ ಭೀ ಸಮಾಧಾನ ಇಲ್ಲ. ಹನ್ನೊಂದು ಸಲ ನೋಡಿದಾವ್ರು ನೀವು, ಹೇಳ್ರಿ, ಖೂನಿ ಮಾಡಿದಾವ ಯಾರು?"

ನನ್ನ ಕಾಲ ಕೆಳಗಿನ ಕಲ್ಲು ಅಲುಗಿತು. ನೋಡುನೋಡುತ್ತ ಬಜಾರದ ಜನ ಸೇರಿತು. ತಕ್ಕಡಿ ಬಿಟ್ಟವರು, ಅರ್ಧ ಚಹಾ ಬಿಟ್ಟವರು, ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ! ಸತ್ಯ ನಾಲಗೆಯ ತುದಿಯವರೆಗೆ ಬಂದಿತ್ತು. ಯಾರೋ ಕೂರಲು ಕುರ್ಚಿ ತಂದಿಟ್ಟರು. ಕುರ್ಚಿ ನೋಡಿದ್ದೇ ತಡ, ಸತ್ಯ ವಾಪಸು ಹೋಯಿತು!

"ಡಾಕ್ಟರ!" ಎಂದೆ.

"ಅಬಬಬಾ!" ಎಂದಿತು ಬಜಾರು.

ಅಷ್ಟಕ್ಕೇ ನಿಂತೆನೇ? ಸೂಜಿ ಎಲ್ಲಿ ಬಚ್ಚಿಟ್ಟಿದ್ದ, ವಿಷ ಯಾವ ಬಣ್ಣದ್ದು, ಕೋರ್ಟಿನಲ್ಲಿ ಹೇಗೆ ಅತ್ತ, ನೇಣಿಗೇರುವಾಗ ಏನೆಂದ, ಎಲ್ಲವನ್ನೂ ಮುಕ್ಕಾಲು ತಾಸು ವರ್ಣಿಸಿದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂತು. ಡಾಕ್ಟರನೇ ಇರಬೇಕು! ಅಂದಿನಿಂದ ಎರಡು ದಿನ ಹಾಯಾಗಿ ಮಲಗಿದೆ.

ಗುರುವಾರ ಮಧ್ಯಾಹ್ನ ಬಸವಣಪ್ಪ ನನ್ನ ಅಂಗಡಿಗೆ ನುಗ್ಗಿದ. ಜೊತೆಗೆ ಅಡ್ಡಡ್ಡ ಬೆಳೆದ ಒಬ್ಬ ಗಂಡಾಳು: ರಾಜೇಶ್ವರದ ಹಣಮಂತ, ಬೆಲ್ಲದ ವ್ಯಾಪಾರಿ. ಬಸವಣಪ್ಪ ಬೆಲ್ಲ ಕೊಳ್ಳಲು ರಾಜೇಶ್ವರಕ್ಕೆ ಹೋದವನು ಡಾಕ್ಟರನ ಕಥೆಯನ್ನು ಅಲ್ಲೂ ಹರಡಿದ್ದ. ಹಣಮಂತ ಆ ಸಿನೆಮಾ ಪೂರ್ತಿ ನೋಡಿದ್ದವನು, "ಅದು ಸುಳ್ಳು" ಎಂದಿದ್ದ. ಮಾತಿಗೆ ಮಾತು ಬೆಳೆದು ಇಬ್ಬರೂ ಬಾಜಿ ಕಟ್ಟಿದ್ದರು.

"ಹೇಳ್ರಿ ಮಾಮಾ ಇವಗ! ನಿಮ್ಮ ಮಾತಿನ ಮ್ಯಾಲ ನನ್ನ ಮೀಸಿ ಇಟ್ಟೀನಿ!"

ಮಾಸ್ತರರು ಪತ್ರಿಕೆಯಿಂದ ತಲೆಯೆತ್ತಿದರು. ಚಹಾ ತಂದ ಲಲಿತಾಬಾಯಿ ಬಾಗಿಲಲ್ಲೇ ನಿಂತಳು. ಹಣಮಂತ ಶಾಂತವಾಗಿ, "ಮೊದಲ ಸಾವಕಾರ್ರು ಹೇಳ್ಲಿ," ಎಂದ.

"ಡಾ... ಡಾಕ್ಟರ..." ಎಂದೆ. ನನ್ನ ದನಿ ಹಳೆಯ ಮಂಜರಪಾಟು ಬಟ್ಟೆ ಹರಿದಂತೆ ಹರಿಯಿತು.

"ಯಾ ಅಲ್ಲಾ!" ಮಾಸ್ತರರ ಕೈಯಿಂದ ಪತ್ರಿಕೆ ಬಿತ್ತು. "ಯಾವ ಡಾಕ್ಟರ? ಆ ಸಿನೆಮಾದಾಗ ಖೂನಿ ಎಲ್ಲಿ ಆಗ್ಯಾದ್ರಿ? ರಾಯಬಹದ್ದೂರ ತಾನೇ ಮೋಂಬತ್ತಿ ಹಿಡಕೊಂಡು ಹೊಂಟಿದ್ದ. ಅದರ ಮೇಣ ಕರಗಿ ಮೆಟ್ಟಲ ಮ್ಯಾಲ ಬಿತ್ತು. ಅದರ ಮ್ಯಾಲ ಕಾಲಿಟ್ಟು ಜಾರಿ ಬಿದ್ದು ಸತ್ತ! ಪತ್ತೇದಾರ ಬೆರಳು ಮಾಡಿ ತೋರಸ್ತಾನಲ್ಲ, ಮನಿಷ್ಯಾಗ ಅಲ್ರಿ, ಮೆಟ್ಟಲಕ!"

"ಹಾಂಗಾದ್ರ... ಯಾರೂ ಕೊಂದೇ ಇಲ್ಲ?" ಎಂದು ನಾನೇ ಬಾಯಿಬಿಟ್ಟು ಕೇಳಿದೆ.

ನಾಲ್ವರೂ ನನ್ನತ್ತ ತಿರುಗಿದರು. ಹನ್ನೊಂದು ಸಲ ನೋಡಿದವನು ಕೇಳುವ ಪ್ರಶ್ನೆಯೇ ಇದು? ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತಂಬು, ಬಸ್ಸು, ಅಪ್ಪ, ಮಾಳಿಗೆ, ಎಲ್ಲವನ್ನೂ ತಲೆತಗ್ಗಿಸಿ ಹೇಳಿದೆ.

"ಇಪ್ಪತ್ತಾರು ವರ್ಷ ನನಗ ಭೀ ಹೇಳಲಿಲ್ಲ?" ಲಲಿತಾಬಾಯಿಯ ದನಿ ಸಣ್ಣಗಿತ್ತು.

"ನೀನು ನಗ್ತಿ ಅಂತ..."

"ಯಾಕ ನಗ್ತಿದ್ದೆ? ಬಸ್ಸಿಗಿ ಓಡಿದ್ದಕ್ಕ ಯಾರರ ನಗ್ತಾರ?" ಎಂದಳು. ನನ್ನ ಕಣ್ಣು ತೇವವಾಗುವುದರಲ್ಲಿತ್ತು. ಅಷ್ಟರಲ್ಲಿ ಅವಳ ತುಟಿ ಕುಣಿಯಿತು. "ಆದ್ರ ಹುಮನಾಬಾದಿಗಿ ಹೋಗಿ, ಒಬ್ಬ ಬಡ ಡಾಕ್ಟರನ್ನ ಸುಮ್ಮಸುಮ್ಮನ ಗಲ್ಲಿಗೇರಿಸಿ ಬಂದು, ಎರಡು ದಿನ ಗೊರಕಿ ಹೊಡದೀರಲ್ರಿ! ಅದಕ್ಕ ನಗ್ತೀನಿ!"

ಮಾಸ್ತರರು ಗಾದಿಯ ಮೇಲೆ ಉರುಳಿ ಉರುಳಿ ನಕ್ಕರು. ನಗದವನು ಬಸವಣಪ್ಪನೊಬ್ಬನೇ. ಅವನು ಎರಡೂ ಕೈಗಳಿಂದ ಮೀಸೆ ಮುಚ್ಚಿಕೊಂಡಿದ್ದ.

"ಮತ್ತ ಬಾಜಿ?" ಎಂದ ಹಣಮಂತ.

"ಅಕ್ಕಾ!" ಎಂದ ಬಸವಣಪ್ಪ.

ಲಲಿತಾಬಾಯಿ ಚಹಾದ ತಾಟು ಕೆಳಗಿಟ್ಟು ತೀರ್ಪು ಕೊಟ್ಟಳು: "ನನ್ನ ತಮ್ಮ ನಂಬಿದ್ದಷ್ಟೇ ತಪ್ಪು. ಸುಳ್ಳು ಯಾರದು, ಮೀಸಿ ಭೀ ಅವರದೇ ಹೋಗಲಿ!"

ನನಗೂ ಒಂದು ಮೀಸೆಯಿತ್ತೆಂದು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ತೆಳ್ಳಗೆ, ಪೆನ್ಸಿಲಿನಿಂದ ಗೀರಿದಂತೆ, ರತನ್ ಬಾಲಿಯ ನಮೂನೆಯದು. ಹಣಮಂತ ಅದನ್ನೇ ಒಂದು ಗಳಿಗೆ ನೋಡಿ, "ಸಣ್ಣದಾಯ್ತು. ಆದ್ರೂ ನಡೀತದ ತಗೋರಿ," ಎಂದ.

ಎದುರಿಗೇ ಕಾಶಿರಾಮನ ಕ್ಷೌರದ ಅಂಗಡಿ. ನಾಲ್ಕೂ ಜನ ನನ್ನನ್ನು ಮೆರವಣಿಗೆಯಲ್ಲಿ ಕರೆದೊಯ್ದು ಕುರ್ಚಿಯಲ್ಲಿ ಕೂಡಿಸಿ, ಸಾಕ್ಷಿಗಳಾಗಿ ಬಾಗಿಲಲ್ಲಿ ನಿಂತರು. ಕಾಶಿರಾಮ ಮೂಗಿನ ಕೆಳಗೆ ನೊರೆ ಹಚ್ಚಿದ, ಕತ್ತಿ ಮಸೆದ, ಬಾಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಸಾವಕಾರ್ರ, ಐತವಾರ ನಾ ಬೀಗರ ಊರಿಗಿ ಹೋಗಿದ್ದೆ, ಆ ಸಿನೆಮಾ ತಪ್ಪತು. ನೀವು ಹನ್ನೊಂದು ಸಲ ನೋಡೀರಂತ. ಹೇಳ್ರಲಾ, ಆ ಮುದುಕನ್ನ ಕೊಂದಾವ ಯಾರು?"

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ನನಗೆ ಉತ್ತರ ಗೊತ್ತಿತ್ತು! ಖರೇ ಉತ್ತರ! ಎದೆಯುಬ್ಬಿಸಿ ಬಾಯಿ ತೆರೆದೆ.

"ಬಾಯಿ ಮುಚ್ರಿ ಸಾವಕಾರ್ರ," ಎಂದ ಕಾಶಿರಾಮ, "ಕತ್ತಿ ಅದ!"