ಬಿದಿಗೆ ಚಂದ್ರನೂ ನನ್ನ ಅಂಗಿಯ ಎಳೆಯೂ

ನಾನು ಸಂಶಯದ ಮನುಷ್ಯ. ಇದನ್ನು ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರು ಏನೇನು ಸೇರಿಸಿ ಹೇಳುತ್ತಾರೋ ಅನ್ನುವ ಸಂಶಯವೂ ನನಗಿದೆ. ಮನೆಗೆ ಬೀಗ ಹಾಕಿ ಜಗ್ಗಿ ನೋಡುತ್ತೇನೆ, ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಹೆಚ್ಚಾಗಿದೆ ಅಂದುಕೊಳ್ಳುತ್ತೇನೆ, ನಗದಿದ್ದರೆ ಅಳತೆಯಲ್ಲೇ ಕಡಿಮೆ ಕೊಟ್ಟಿದ್ದಾನೆ ಅಂದುಕೊಳ್ಳುತ್ತೇನೆ. ಧಾರವಾಡ ಬಿಟ್ಟು ಮುಂಬೈಗೆ ಬಂದ ಮೇಲೆ ಫೋರ್ಟಿನ ಒಂದು ಆಫೀಸಿನಲ್ಲಿ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕುವ ಕೆಲಸ ಸಿಕ್ಕಿತು. ಅಲ್ಲಿಂದ ಈ ಗುಣಕ್ಕೆ ಸಂಬಳವೂ ಬರತೊಡಗಿತು.

ಇಂಥವನ ಮನೆಯಲ್ಲಿ ಅಂಗಿಯ ದಾರ ಕಳುವಾಗತೊಡಗಿತು. ನಗಬೇಡಿ. ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿ, ಎದೆಯೊಳಗೊಂದು ಸ್ಟೆಂಟ್ ಕೂರಿಸಿಕೊಂಡು ದಹಿಸರಿನ ನಮ್ಮ ಬಿಲ್ಡಿಂಗಿಗೆ ವಾಪಸು ಬಂದೆನಲ್ಲ, ಆವಾಗಿನಿಂದ ಶುರುವಾದದ್ದು. ಅಂಗಿಯ ಕೆಳಗಿನ ಅಂಚು, ಪ್ಯಾಂಟಿನೊಳಗೆ ಸೇರಿ ಯಾರ ಕಣ್ಣಿಗೂ ಬೀಳದ ಜಾಗ, ಅಲ್ಲಿ ಹೊಲಿಗೆ ಬಿಚ್ಚಿ ಬಟ್ಟೆಯ ಒಂದೆಳೆಯನ್ನು ಯಾರೋ ಎಳೆದುಕೊಂಡಿರುತ್ತಿದ್ದರು. ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬೀಳದೆ ಇದ್ದೀತೆ?

ಮೊದಲ ಸಂಶಯ ಇಸ್ತ್ರಿಯ ರಾಮದೀನನ ಮೇಲೆ. ಮೆಟ್ಟಿಲ ಕೆಳಗೆ ಅವನ ಟೇಬಲ್ಲು. ಅಂಗಿ ಮುಂದೆ ಹಿಡಿದು ವಿಚಾರಣೆ ಮಾಡಿದೆ. ‘ನಿಮ್ಮ ದಾರದಿಂದ ನಾನೇನು ಗಾಳಿಪಟ ಹಾರಿಸಲೇ ಸಾಬ್?’ ಎಂದು ಹಿಂದಿಯಲ್ಲಿ ಕೇಳಿದ. ಆಮೇಲೆ ಎಷ್ಟೋ ದಿನ ನನ್ನ ಅಂಗಿಗಳ ಕಾಲರು ಒಂದು ಕಡೆ ಆಕಾಶ, ಇನ್ನೊಂದು ಕಡೆ ಪಾತಾಳ ನೋಡುತ್ತಿದ್ದವು. ಸೇಡು ತೀರಿಸಿಕೊಳ್ಳುತ್ತಿದ್ದಾನೆಂದು ಗೊತ್ತಿದ್ದರೂ ಹಾಗೇ ತೊಟ್ಟು ಆಫೀಸಿಗೆ ಹೋದೆ.

ಬರಬರುತ್ತ ಒಂದು ಸಂಗತಿ ಹೊಳೆಯಿತು. ಎಳೆ ಹೋಗುವುದು ದಿನಾಲೂ ಅಲ್ಲ. ಅಮಾವಾಸ್ಯೆ ಮುಗಿದು ಬಿದಿಗೆ ಬಂತೆಂದರೆ ಒಂದು ಅಂಗಿಗೆ ಗಂಡಾಂತರ. ಉಟ್ಟ ಬಟ್ಟೆಯ ಎಳೆ ಒಯ್ದು ಮಾಟ ಮಾಡಿಸುತ್ತಾರೆಂದು ನನ್ನ ಸೋದರತ್ತೆ ಹೇಳುತ್ತಿದ್ದಳು. ಓದಿದವನು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಊಟಕ್ಕೆ ಕೂತಾಗ ಹೆಂಡತಿ ವಿಮಲಾಳ ಕಿವಿಗೆ ಹಾಕಿದೆ.

‘ನಿಮಗ ಮಾಟ ಮಾಡ್ಸಿ ಯಾರಿಗೇನ್ ಬರೋದದರೀ? ಸುಮ್ನ ಉಣ್ರಿ’ ಅಂದಳು. ಮಾತು ಸರಿಯೇ. ಆದರೆ ನನ್ನ ಮುಖ ನೋಡದೆ, ಪಲ್ಯದ ಪಾತ್ರೆ ನೋಡುತ್ತ ಅಂದಳು. ಜೊತೆಗೆ, ನಾನು ಆಫೀಸಿನಲ್ಲಿರುವಾಗ ಅವಳು ಆಗಾಗ ಟೆರೇಸಿನ ಚಾವಿ ಒಯ್ಯುತ್ತಾಳೆಂದು ವಾಚ್‌ಮನ್ ಬಾಯಿಬಿಟ್ಟಿದ್ದ. ಸಂಶಯ ಮೆಟ್ಟಿಲ ಕೆಳಗಿನಿಂದ ಎದ್ದು ಸೀದಾ ನನ್ನ ಅಡುಗೆಮನೆಗೇ ಬಂತು.

ಮುಂದಿನ ಬಿದಿಗೆಗೆ ತಲೆನೋವೆಂದು ಹೇಳಿ ಆಫೀಸಿನಿಂದ ಬೇಗ ಹೊರಬಿದ್ದೆ. ಸಿಕ್ಕದ್ದು ದಹಿಸರ್ ದಾಟಿ ದೂರ ಹೋಗುವವರೇ ಬಾಗಿಲವರೆಗೆ ತುಂಬಿದ ವಿರಾರ್ ಲೋಕಲ್ ರೈಲು. ಅದರಿಂದ ದಹಿಸರಿನಲ್ಲಿ ಇಳಿಯುವುದೆಂದರೆ ಬೇರೆಯವರ ಮನೆ ಮದುವೆಯಲ್ಲಿ ಮೊದಲ ಪಂಕ್ತಿಯಿಂದ ಎದ್ದು ಹೋದ ಹಾಗೆ, ಎಲ್ಲರೂ ಬೈಯುತ್ತಾರೆ. ಬೈಸಿಕೊಂಡು ಇಳಿದು, ಡಾಕ್ಟರು ಬೇಡವೆಂದಿದ್ದ ಮೆಟ್ಟಿಲುಗಳನ್ನೆಲ್ಲ ಹತ್ತಿ, ಟೆರೇಸಿನ ನೀರಿನ ಟಾಂಕಿಯ ಹಿಂದೆ ನಿಂತೆ.

ವಿಮಲಾ ಅಲ್ಲೇ ಇದ್ದಳು. ಎದುರಿನ ಹೊಸ ಟವರುಗಳು ಪಡುವಣದ ಆಕಾಶವನ್ನೆಲ್ಲ ನುಂಗಿವೆ, ಎರಡರ ನಡುವೆ ಒಂದು ಸಂದಿ ಮಾತ್ರ ಉಳಿದಿದೆ. ಆ ಸಂದಿಯಲ್ಲಿ, ಕತ್ತರಿಸಿ ಬಿಸಾಡಿದ ಉಗುರಿನಂಥ ಚಂದ್ರ. ಅವಳ ಕೈಯಲ್ಲಿ ನನ್ನ ನೀಲಿ ಚೌಕಳಿಯ ಅಂಗಿ. ಅದರ ಎಳೆಯೊಂದನ್ನು ಎಳೆದು ಚಂದ್ರನತ್ತ ಹಿಡಿದಳು. ‘ಹಳೇದು ತಗೋ ಚಂದಪ್ಪ, ಹೊಸಾದು ಕೊಡು’ ಅಂದು ಗಾಳಿಗೆ ಬಿಟ್ಟಳು.

ನನ್ನ ಅವ್ವನೂ ಹೀಗೆ ಬಿದಿಗೆ ಚಂದ್ರನಿಗೆ ಎಳೆ ಕೊಡುತ್ತಿದ್ದಳು. ಆದರೆ ಅದು ಅವಳದೇ ಸೆರಗಿನ ಎಳೆ. ಗಂಡನ ಅಂಗಿ ಹಿಡಿದು ಹಳೇದು ತಗೋ ಅಂದರೆ ಏನರ್ಥ? ಹಳೇ ಮಿಕ್ಸರು ಕೊಟ್ಟು ಹೊಸದು ತರುವಂತೆ ಇವಳು ನನ್ನನ್ನೇ ಎಕ್ಸ್‌ಚೇಂಜಿಗೆ ಹಾಕಿದ್ದಾಳೆ. ಅದೂ ತಿಂಗಳು ತಿಂಗಳೂ. ನಿಜಕ್ಕೂ ಹೆದರಿಕೆಯಾಯಿತು.

‘ವಿಮಲಾ, ಹಳೇದು ಅಂದ್ರ ಯಾರು?’ ಅಂತ ಮುಂದೆ ಬಂದೆ.

ಅವಳು ಬೆಚ್ಚಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ‘ಮೊದ್ಲ ಒಂಚೂರು ನಗ್ರೀ. ಚಂದ್ರನ್ನ ನೋಡಿದ ಮ್ಯಾಲೆ ಕಣ್ಣಿಗೆ ಬಿದ್ದ ಮಾರಿ ಹ್ಯಾಂಗಿರ್ತದೋ ತಿಂಗಳೆಲ್ಲ ಹಂಗ ಹೋಗ್ತದ.’ ನಕ್ಕೆ, ಸಂಶಯ ಬಿಡದೆಯೇ. ಆಮೇಲೆ ಕಣ್ಣು ತೆರೆದು ವಿವರಿಸಿದಳು. ‘ಹೊಸಾ ಸೀರಿ ಕೇಳ್ಕೊಂಡೆ. ನನ್ನ ಸೀರಿ ಎಲ್ಲಾ ಪಾಲಿಸ್ಟರ್, ಜಗ್ಗಿದ್ರ ಎಳಿ ಬರೂದಿಲ್ಲ. ನಿಮ್ಮ ಅಂಗಿ ಕಾಟನ್. ಅದಕ್ಕೇನಾತು?’

ಅಬ್ಬಾ, ಇಷ್ಟೇನಾ ಅನ್ನಿಸಿತು. ಹಗುರಾಗಿ ಮೆಟ್ಟಿಲಿಳಿದೆ. ರಾಮದೀನನಿಗೂ ಮರುದಿನ ಒಂದು ಚಹಾ ಕುಡಿಸೋಣವೆಂದುಕೊಂಡೆ.

ಆದರೆ ಬಿಲ್ಲು ನೋಡಿ ನೋಡಿ ಪಳಗಿದ ಕಣ್ಣು, ಸುಮ್ಮನಿರಬೇಕಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವಳು ಬಗ್ಗಿ ರೊಟ್ಟಿ ಬಡಿಸುವಾಗ ಸೆರಗು ಕಣ್ಣಿಗೆ ಬಿತ್ತು. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ. ಮನೆಯಲ್ಲಿ ಅವಳು ಉಡುವುದೆಲ್ಲ ಅಂಥವೇ. ಸೆರಗಿನ ತುದಿಯಲ್ಲಿ ಎಳೆಗಳು ತಾವಾಗಿಯೇ ಜೋತುಬಿದ್ದಿದ್ದವು, ಒಂದನ್ನು ಕೀಳಲು ಉಗುರೂ ಬೇಕಿರಲಿಲ್ಲ. ಹಾಗಾದರೆ ಸೀರೆಯ ಮಾತು ಸುಳ್ಳು. ನಾನು ಆಸ್ಪತ್ರೆಯಿಂದ ಬಂದ ತಿಂಗಳಿನಿಂದ ಅವಳು ಚಂದ್ರನಿಗೆ ಒಪ್ಪಿಸುತ್ತಿದ್ದ ಹಳೇದು ನನ್ನ ಎದೆನೋವು, ಕೇಳುತ್ತಿದ್ದ ಹೊಸಾದು ನನ್ನ ಆಯುಷ್ಯ. ಅದನ್ನು ನನ್ನೆದುರು ಹೇಳಿದರೆ ನಾನು ಇನ್ನಷ್ಟು ಹೆದರುತ್ತೇನೆಂದು ಸೀರೆಯ ಹೆಸರು ಹೇಳಿದ್ದಳು. ನೀರಿನ ಲೋಟ ಎತ್ತಿ ಗಟಗಟ ಕುಡಿದೆ. ‘ಯಾಕ್ರೀ, ಖಾರಾತೇನು?’ ಅಂದಳು. ಹೂಂ ಅಂದು, ಇನ್ನಷ್ಟು ಪಲ್ಯ ಹಾಕಿಸಿಕೊಂಡೆ.

ಜೀವನದಲ್ಲಿ ನಾನು ಬೆನ್ನು ಹತ್ತದೆ ಬಿಟ್ಟ ಸುಳ್ಳು ಅದೊಂದೇ. ಈಗ ಅಮಾವಾಸ್ಯೆ ಮುಗಿದ ಕೂಡಲೆ, ಇಸ್ತ್ರಿಯಾಗಿ ಬಂದ ಅಂಗಿಗಳಲ್ಲಿ ಎಲ್ಲಕ್ಕಿಂತ ಮೆತ್ತನೆಯದನ್ನು ಹುಡುಕಿ ಅವಳ ಕೈಗೆ ಸಿಗುವಂತೆ ಮೇಲೆ ಇಟ್ಟು ಆಫೀಸಿಗೆ ಹೋಗುತ್ತೇನೆ. ಎಳೆ ಎಷ್ಟಾದರೂ ಹೋಗಲಿ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಗುಂಡಿಗಳನ್ನು ಮಾತ್ರ ಎಣಿಸಿಯೇ ಇಡುತ್ತೇನೆ.