ಗೋಡೆಯಿಲ್ಲದ ಅಡುಗೆಮನೆ

ನಮ್ಮ ಸೋದರಮಾವ ಮಹಾಯುದ್ಧಕ್ಕೆ ಹೋಗಿ, ಇಟಲಿ ದೇಶವನ್ನು ಕಣ್ಣಾರೆ ಕಂಡು, ಮಂಡಿಗೆ ಏಟು ತಿಂದು ಶಿಕಾರಿಪುರಕ್ಕೆ ವಾಪಸು ಬಂದವರು. ಅಷ್ಟು ದೂರ ಹೋಗಿ ಅವರು ತಿಳಿದುಕೊಂಡು ಬಂದದ್ದು ಒಂದೇ ಒಂದು ಸಂಗತಿ: ಅಲ್ಲಿಯ ಅಡುಗೆಮನೆಗೆ ಗೋಡೆ ಇರುವುದಿಲ್ಲ! ಅಲ್ಲಿ ರಾಜ ಯಾರು, ರಾಜಧಾನಿ ಯಾವುದು, ಯುದ್ಧ ಯಾಕಾಯಿತು? ಕೇಳಿದರೆ ಒಂದೂ ಗೊತ್ತಿರಲಿಲ್ಲ. ಅಡುಗೆಮನೆಯ ವಿಷಯ ಕೇಳಿ, ಒಲೆಯ ಬಾಯಿ ಯಾವ ದಿಕ್ಕಿಗಿತ್ತು ಎಂಬುದನ್ನೂ ಸೇರಿಸಿ ಹೇಳುತ್ತಿದ್ದರು.

ಊರಿನವರು ಅವರಿಗೆ ತಲೆ ಕೆಟ್ಟಿದೆ ಎಂದು ಒಮ್ಮತದಿಂದ ತೀರ್ಮಾನಿಸಿದ್ದರು. ಆ ಮನೆಯಲ್ಲಿ ಮೂರು ವರ್ಷ ಉಂಡ ನನ್ನ ತೀರ್ಮಾನ ಬೇರೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ನನ್ನ ಮಾತು ಕೇಳಿ.

ಐವತ್ತರ ದಶಕದ ಕೊನೆಯ ಮಾತು. ನನಗೆ ಶಿಕಾರಿಪುರದ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ನಾನು ಸೊರಬದ ಕಡೆಯವನು, ಕುಪ್ಪಗಡ್ಡೆಯವನು. "ಹೋಟ್ಲು ಊಟ ಬ್ಯಾಡ ಮಾರಾಯ, ನನ್ನ ತಮ್ಮನ ಮನೆ ಇದ್ಯಲ್ಲ" ಎಂದು ಅಮ್ಮ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದಳು. ಮಾವನ ಮನೆಯಲ್ಲಿದ್ದವರು ಮೂರೇ ಜನ: ಮಾವ, ಅತ್ತೆ, ಮಾವನ ತಾಯಿಯಾದ ನನ್ನ ಅಜ್ಜಿ. ಮೇಲೆ ಓಡಾಡಬಹುದಾದ ಸಪಾಟು ಮಣ್ಣಿನ ಮಾಳಿಗೆ ಹೊದಿಸಿದ ಮನೆ. ಅಡುಗೆಮನೆ ಎಲ್ಲಕ್ಕಿಂತ ಒಳಗೆ, ಹಗಲಲ್ಲೂ ತಡಕಿಕೊಂಡು ಹೋಗುವ ಹಾಗಿತ್ತು. ಬೆಳಕು ಬರಲಿಕ್ಕೂ ಹೊಗೆ ಹೋಗಲಿಕ್ಕೂ ಸೇರಿ ತಲೆಯ ಮೇಲೆ ಒಂದೇ ಗೇಣಗಲದ ಕಿಂಡಿ. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಏನಾಗುತ್ತದೆ? ಬೆಳಕು ಒಳಗೆ ಬರುತ್ತಿರಲಿಲ್ಲ, ಹೊಗೆ ಹೊರಗೆ ಹೋಗುತ್ತಿರಲಿಲ್ಲ! ಅತ್ತೆಯ ಕಣ್ಣು ಸದಾ ಕೆಂಪು, ಮಾತಿಗೊಮ್ಮೆ ಕೆಮ್ಮು.

ಊಟದ ಕ್ರಮ ಕಟ್ಟುನಿಟ್ಟು. ಮೊದಲು ಮಾವ ಮತ್ತು ನಾನು, ಆಮೇಲೆ ಅಜ್ಜಿ. ಎಲ್ಲರ ತಟ್ಟೆ ತೊಳೆದ ಮೇಲೆ ಅತ್ತೆ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಎಂಬುದು ನಮ್ಮ ನಂಬಿಕೆ, ಅಷ್ಟೆ. ನೋಡಿದವರು ಯಾರು?

ಒಂದು ದಿನ ಕೈ ತೊಳೆಯುತ್ತ ಮಾವ ಕೇಳಿದರು: "ನಿಮ್ಮತ್ತಿ ಉಣ್ಣಾದು ನೀನು ಎಂದಾರ ನೋಡೀಯೇನಲೇ?"

"ಇಲ್ಲ ಮಾವ."

"ನಾನೂ ನೋಡಿಲ್ಲ. ಮದುವಿಯಾಗಿ ಹದಿನೇಳು ವರ್ಷಾತು."

ಆಗ ಅವರು ಇಟಲಿಯ ಕತೆ ಹೇಳಿದರು. ಮಾವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಏಟು ಬಿದ್ದ ಮೇಲೆ ಕೆಲವು ದಿನ ಸಮುದ್ರದ ದಂಡೆಯ ಗುಡ್ಡದ ಮೇಲೊಂದು ರೈತರ ಮನೆಯಲ್ಲಿ ಅವರನ್ನು ಇಟ್ಟಿದ್ದರಂತೆ. ಅಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ, ಬಟಾಬಯಲಲ್ಲಿ, ಗುಮ್ಮಟದಂಥ ಒಲೆ. ಪಕ್ಕದಲ್ಲೇ ಕಲ್ಲು ಹಾಸಿದ ಕಟ್ಟೆ, ಅದರ ಮೇಲೆ ಉದ್ದದ ಮೇಜು. ಆ ಮನೆಯ ಮುದುಕಿ ಅಡುಗೆ ಮಾಡಿ, ಎಲ್ಲರನ್ನೂ ಕೂಗಿ ಕರೆದು, ಮೇಜಿನ ತಲೆಯ ಕಡೆ ತಾನೇ ಕೂತು, ಮೊದಲ ತುತ್ತು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಅವಳ ಗಂಡ? ಅವಳು ಚೆನ್ನಾಗಿದೆ ಎಂದು ತಲೆ ಆಡಿಸುವವರೆಗೆ ಕಾಯುತ್ತಿದ್ದನಂತೆ!

"ಮಾಳಿಗಿ ಮ್ಯಾಲೆ ಅಂಥಾದ್ದೇ ಒಂದು ಅಡಿಗಿಮನಿ ಮಾಡ್ತೀನಿ. ಅಕಿ ನಮ್ಮ ಜೋಡಿ ಕುಂತು ಉಣ್ಣಬೇಕು. ಯಾರ್ ಅಡ್ಡ ಬಂದ್ರೂ ಬಿಡಾದಿಲ್ಲ" ಎಂದು ಮಾವ ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದರು.

ಯೋಜನೆ ಶುರುವಾಯಿತು. ಮೊದಲು ಗಾಳಿಯ ಪರೀಕ್ಷೆ. ಹೊಗೆ ಉಣ್ಣುವವರ ಕಡೆ ಬರಬಾರದಲ್ಲ! ಅತ್ತೆಯ ಹಳೆಯ ಸೀರೆಯ ಅಂಚು ಹರಿದು, ಬಿದಿರಿನ ಗಳಕ್ಕೆ ಕಟ್ಟಿ, ಮಾಳಿಗೆಯ ಮೇಲೆ ನೆಟ್ಟರು. ಹದಿನೈದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದು ಯಾವ ಕಡೆ ಹಾರುತ್ತದೆಂದು ನೋಡಿ ಇದ್ದಿಲಿನಿಂದ ಗೋಡೆಯ ಮೇಲೆ ಗುರುತು ಹಾಕಿದರು. ಬೀದಿಯಲ್ಲಿ ಹೋಗುವವರು ತಲೆಯೆತ್ತಿ ಕೇಳುತ್ತಿದ್ದರು: "ಇದ್ಯಾವ ಪಕ್ಷದ ಬಾವುಟರೀ?"

"ಉಣ್ಣೋರ ಪಕ್ಷದ್ದು! ಮೆಂಬರ್ ಆಗ್ತೀರೇನು?" ಎಂದು ಮಾವ ಮೇಲಿನಿಂದಲೇ ಕೂಗುತ್ತಿದ್ದರು.

ಆಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಇಲ್ಲಿ ಒಲೆ, ಇಲ್ಲಿ ನೀರಿನ ಹಂಡೆ, ಇಲ್ಲಿ ಹಿಟ್ಟು ತಟ್ಟುವ ಜಾಗ, ಇಲ್ಲಿ ಪಂಕ್ತಿ. ಗಾರೆ ಕೆಲಸದ ಗೌಂಡಿಯನ್ನು ಕರೆಸಿದರು. ಅವನು ಗೆರೆಗಳಿಗೆ ಎರಡು ಸುತ್ತು ಬಂದು ಕೇಳಿದ:

"ಗ್ವಾಡಿ ಎಷ್ಟೆತ್ತರ ಯಜಮಾನ್ರೇ?"

"ಗ್ವಾಡಿ ಇಲ್ಲ."

"ಬಾಗ್ಲು?"

"ಗ್ವಾಡಿನೇ ಇಲ್ಲ ಅಂದ್ಮ್ಯಾಲೆ ಬಾಗ್ಲು ಯಾತಕ್ಕೋ?"

"ಹಂಗಾದ್ರೆ ನಾನೇನು ಕಟ್ಟಾದು?"

"ಒಲಿ ಕಟ್ಟು. ಉಳಿದಿದ್ದೆಲ್ಲಾ ದೇವ್ರು ಮೊದ್ಲೇ ಕಟ್ಯಾನೆ!"

ಅಜ್ಜಿ ಸುಮ್ಮನಿರುತ್ತಾಳೆಯೇ? ಏಣಿಯ ಬುಡದಲ್ಲಿ ನಿಂತು ಯುದ್ಧ ಸಾರಿದಳು. "ಮನಿ ಮ್ಯಾಲೆ ಒಲಿ ಹೂಡ್ತಾರೇನೋ? ಹೆಣ್ಮಕ್ಕಳು ಉಣ್ಣಾದನ್ನ ನಾಕು ಮಂದಿ ನೋಡಿದ್ರೆ ದೃಷ್ಟಿ ಆಗ್ತತಿ."

"ನಾನು ಉಣ್ಣಾದನ್ನ ಹುಟ್ಟಿದಾಗಿಂದ ಎಲ್ರೂ ನೋಡಾಕ ಹತ್ತ್ಯಾರೆ. ನನಗೇನಾಗೇತಿ?"

"ನಿನಗೆ ತಲಿ ಕೆಟ್ಟೇತಿ" ಎಂದಳು ಅಜ್ಜಿ. ಆ ಸುತ್ತಿನಲ್ಲಿ ಗೆದ್ದವಳು ಅವಳೇ ಎಂದು ಒಪ್ಪಿಕೊಳ್ಳಬೇಕು.

ಇಟಲಿಯ ಒಲೆ ಎದ್ದು ನಿಂತಿತು. ದೊಡ್ಡ ಹುತ್ತದ ಹಾಗೆ, ಮುಂದೊಂದು ಬಾಯಿ. ಆದರೆ ಅದರೊಳಗೆ ಬೇಯಿಸುವುದೇನನ್ನು? ಅತ್ತೆ ಮೇಲೆ ಬರಲು ಒಪ್ಪದಿದ್ದಾಗ ಮಾವ ತಾವೇ ರೊಟ್ಟಿ ತಟ್ಟಿ ಒಳಗಿನ ಗೋಡೆಗೆ ಬಡಿದರು. ಒಂದೂ ಗೋಡೆ ಬಿಟ್ಟು ಬರಲಿಲ್ಲ. ಉಳಿಯಿಂದ ಕೆತ್ತಿ ತೆಗೆದದ್ದನ್ನು ನಾನು ಮರ್ಯಾದೆಗೆಂದು ತಿಂದೆ. ಮಾರನೆಯ ವಾರ ಬೀದಿಯ ಬೆಕ್ಕೊಂದು ಅದರೊಳಗೆ ನಾಲ್ಕು ಮರಿ ಹಾಕಿತು. ಬೆಕ್ಕಿನ ಬಾಣಂತನ ಮುಗಿಯುವ ಹೊತ್ತಿಗೆ ಮಳೆಗಾಲ ಬಂತು, ಇಡೀ ಇಟಲಿ ಕರಗಿ ತೂಬಿನಲ್ಲಿ ಹರಿದು ಅಂಗಳಕ್ಕೆ ಬಂದು ಬಿತ್ತು!

ಊರು ನಕ್ಕಿತು. ಮಾವ ಸೋಲಲಿಲ್ಲ. ಮಳೆ ಕಡಿಮೆಯಾದ ಕೂಡಲೇ ಅದೇ ಜಾಗದಲ್ಲಿ ನಮ್ಮ ಮಾಮೂಲಿ ಜೋಡು ಒಲೆ ಹಾಕಿಸಿ, ಮೇಲೆ ತಗಡು ಹೊದಿಸಿದರು. ದ್ರಾಕ್ಷಿಯ ಬದಲು ಹೀರೆ ಬಳ್ಳಿಯನ್ನು ಅಂಗಳದಿಂದ ಹತ್ತಿಸಿ ಚಪ್ಪರ ಮಾಡಿದರು. ಅತ್ತೆಯ ಮುಂದೆ ಹೋಗಿ, "ಒಂದೇ ದಿನ ಮಾಡಿ ನೋಡು. ಕೆಮ್ಮು ಬಂದ್ರೆ ನಾನೇ ಒಡೆದು ಹಾಕ್ತೀನಿ" ಎಂದರು. ಅತ್ತೆ ಹತ್ತಿದಳು. ಆ ದಿನ ಅವಳು ಕೆಮ್ಮಲಿಲ್ಲ. ಮಾರನೆಯ ದಿನ ಯಾರೂ ಕರೆಯದೆಯೇ ಹಿಟ್ಟಿನ ಪರಾತ ಹೊತ್ತು ಮೇಲೆ ಹೋದಳು.

ಅರ್ಧ ಗೆದ್ದಂತಾಯಿತು. ಇನ್ನರ್ಧಕ್ಕಾಗಿ ಮಾವ ಒಂದು ದಿನ ನಮ್ಮ ಅಪ್ಪ ಅಮ್ಮನನ್ನು ಊಟಕ್ಕೆ ಕರೆಸಿದರು. ಅಪ್ಪ ಏಣಿ ಹತ್ತಿ ಸುತ್ತ ನೋಡಿ, "ನಮ್ಮಲ್ಲಿ ಮನೆ ಮೇಲೆ ಹತ್ತಿದ್ರೆ ಹಂಚು ಒಡೀತದೆ ಅಂತ ಬೈತಾರೆ. ಇಲ್ಲಿ ಹತ್ತಿಸಿ ಊಟ ಹಾಕ್ತಾರಲ್ಲ ಮಾರಾಯ!" ಎಂದರು. ಎಲೆ ಹಾಕಿದ ಮೇಲೆ ಚಪ್ಪರದಿಂದ ಒಂದು ಕಂಬಳಿಹುಳ ಅಪ್ಪನ ಎಲೆಯ ತುದಿಗೆ ಬಿತ್ತು.

"ಇಟಲಿಯಾಗೆ ಹಿಂಗೇ ಊಟದಾಗೆ ದ್ರಾಕ್ಷಿ ಬೀಳ್ತಿತ್ತು. ಒಳ್ಳೇದು ಅಂತಿದ್ರು" ಎಂದರು ಮಾವ.

"ದ್ರಾಕ್ಷಿಗೆ ಇಷ್ಟು ಕಾಲು ಇರಲ್ಲ ಮಾರಾಯ" ಎಂದು ಅಪ್ಪ ಎಲೆ ಬದಲಿಸಿಕೊಂಡರು.

ಅಮ್ಮ ಅಜ್ಜಿಯ ಜೊತೆ ಕೆಳಗೇ ಉಳಿದಳು; ಅಪ್ಪನೂ ನಾನೂ ಕೂತೆವು. ಮಾವ ಮಾತ್ರ ಕೂರಲಿಲ್ಲ. ಒಲೆಯ ಕಡೆ ತಿರುಗಿ, "ನೀನೂ ಕುಂದ್ರು" ಎಂದರು.

"ಮೊದ್ಲು ನೀವು ಉಣ್ರಿ."

"ನೀನು ಕುಂತ್ರೆ ನಾನು ಕುಂದ್ರಾದು."

"ನೀವು ಉಂಡ್ರೆ ನಾನು ಉಣ್ಣಾದು. ನಾನು ಉಣ್ಣಾದ್ರಾಗೆ ನೋಡಾಕೇನೈತ್ರಿ? ನಾನೇನು ಆನಿಯೇನು?"

ನೆಂಟರ ಮುಂದೆ ಇಬ್ಬರೂ ಜಗ್ಗಲಿಲ್ಲ. ಕಡೆಗೆ ಮಾವ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ಉಂಡರು. ಒಂದು ದಿನದ ಹಟ ಎಂದುಕೊಂಡಿರಾ? ಅಲ್ಲ! ಮಾರನೆಯ ದಿನವೂ ನಿಂತರು, ಅದರ ಮಾರನೆಯ ದಿನವೂ. ಏಟು ತಿಂದ ಮಂಡಿ ನಡುಗುತ್ತಿತ್ತು, ಬಿದಿರಿನ ಗಳ ಹಿಡಿದುಕೊಂಡು ಉಣ್ಣುತ್ತಿದ್ದರು. ಅತ್ತೆಯ ಹಟವೂ ಕಡಿಮೆಯದಲ್ಲ. ನಮ್ಮ ತಟ್ಟೆ ತೊಳೆದಾದ ಮೇಲೆ ತನ್ನ ಪಾಲನ್ನು ಸೆರಗಿನಡಿ ಇಟ್ಟುಕೊಂಡು ಏಣಿಯಿಳಿದು, ಅದೇ ಹಳೆಯ ಕತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೀಗೆ ಹೆಚ್ಚೂ ಕಡಿಮೆ ಒಂದು ತಿಂಗಳು ನಡೆಯಿತು. ನಡುವೆ ಕೂತು ಉಣ್ಣುತ್ತಿದ್ದ ನನ್ನ ಗತಿ ಯಾರಿಗೂ ಬೇಡ.

ಒಂದು ಮಧ್ಯಾಹ್ನ ಮಾವನ ಮಂಡಿ ಕೈಕೊಟ್ಟು ತಟ್ಟೆ ಕೆಳಗೆ ಬಿತ್ತು. ಅತ್ತೆ ಓಡಿ ಬಂದು ಹಿಡಿದುಕೊಂಡಳು. ಹಿಡಿದುಕೊಂಡೇ ಬೈದಳು: "ಏನು ಹಟಾರೀ ಇದು? ನನಗೇನು ಆಸಿ ಇಲ್ಲೇನು? ನಮ್ಮ ತವರಾಗೆ ಭೂಮಿ ಹುಣ್ಣಿಮಿ ದಿನ ಅವ್ವ ಅಪ್ಪ ಹೊಲದಾಗೆ ಪೂಜಿ ಮಾಡಿ ಜೋಡೀಲಿ ಕುಂತು ಉಣ್ತಿದ್ರು. ಹೊಲದಾಗೆ ಆದ್ರೆ ನಡೀತತಿ. ಮನಿಯಾಗೆ ನಡಿಯಾದಿಲ್ಲ."

ಮಾವ ಅವಳ ಮುಖವನ್ನೇ ನೋಡಿದರು. "ಹೊಲದಾಗೆ ಆದ್ರೆ ಕುಂದ್ರತೀಯಾ?"

"ಕುಂದ್ರತೀನಿ."

ಮಾವನಿಗೆ ಅಂಜನಾಪುರದ ಕೆರೆ ನೀರು ಹರಿಯುವ ಕಡೆ ಒಂದಿಷ್ಟು ಗದ್ದೆ ಇತ್ತು. ಗುತ್ತಿಗೆಗೆ ಕೊಟ್ಟಿದ್ದರಿಂದ ಅಲ್ಲಿ ಹುಣ್ಣಿಮೆಯ ಪೂಜೆ ಮಾಡುತ್ತಿದ್ದವನು ಗುತ್ತಿಗೆದಾರ. "ಈ ಸಲ ನೀವೇ ಹೋಗಿ ಮಾಡಿ ಮಾವ, ಅತ್ತೆ ಕೂರ್ತಾಳಲ್ಲ" ಎಂದೆ.

"ವರ್ಷಕ್ಕೊಂದ್ಸಲ ನೋಡಾಕೇನಲೇ? ನನಗೆ ದಿನಾ ಬೇಕು!" ಎಂದರು.

ಮೂರನೆಯ ದಿನ ಮನೆಯ ಮುಂದೆ ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯ ತುಂಬ ಗದ್ದೆಯ ಮಣ್ಣು! ಮಾವ ಕುಂಟುತ್ತ, ಬುಟ್ಟಿ ಬುಟ್ಟಿಯಾಗಿ ಅದನ್ನು ಮಾಳಿಗೆಗೆ ಹೊತ್ತರು. ಕಚೇರಿಗೆ ರಜೆ ಹಾಕಿ ನಾನೂ ಹೊತ್ತೆ. ತಮ್ಮ ಮಾಳಿಗೆಯ ಅಂಚಿನ ತಗ್ಗು ಗೋಡೆಯ ಮೇಲೆ ಕೂತ ಪಕ್ಕದ ಮನೆಯವರು, "ಏನ್ರೀ, ಮಾಳಿಗಿ ಸೋರ್ತತೇನು?" ಎಂದರು. "ಇಲ್ರೀ, ಬ್ಯಾಸಾಯ ಶುರು ಮಾಡೀವಿ" ಎಂದರು ಮಾವ. ತೊಲೆ ಮುರಿದು ಮನೆ ಕೂತುಬಿಡುತ್ತದೆ ಎಂದು ಅಜ್ಜಿ ಕೆಳಗಿನಿಂದ ಶಾಪ ಹಾಕುತ್ತಲೇ ಇದ್ದಳು. ಪಂಕ್ತಿಯ ಜಾಗದಲ್ಲಿ ಮಣ್ಣನ್ನು ನಾಲ್ಕು ಬೆರಳು ದಪ್ಪ ಹರಡಿ, ಸುತ್ತ ಬದು ಕಟ್ಟಿ, ಮೂಲೆಯಲ್ಲಿ ಬೇರು ಸಮೇತ ಕಿತ್ತು ತಂದ ಭತ್ತದ ಒಂದು ಬುಡವನ್ನು ನೆಟ್ಟು, ಮಾವ ಅತ್ತೆಯನ್ನು ಕರೆದರು.

ಅತ್ತೆ ಬಂದಳು. ನಿಂತು ನೋಡಿದಳು. ಕಾಲಿನ ಬೆರಳಿನಿಂದ ಮಣ್ಣನ್ನು ಮೆಲ್ಲಗೆ ಕೆದಕಿದಳು.

"ನಮ್ಮ ಹೊಲದ್ದೇ ಏನ್ರಿ?"

"ಕಾಲುವಿ ಪಕ್ಕದ್ದು. ಬೇಕಾದ್ರೆ ಮೂಸಿ ನೋಡು."

ಅವಳು ಬಗ್ಗಿ ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡಳು. ಹೇಳಿದ ಮಾತು ಹೇಳಿದ್ದೇ ಎನ್ನುವ ಹೆಂಗಸು. ಒಲೆಯ ಮೇಲಿನ ಕೊನೆಯ ರೊಟ್ಟಿ ಇಳಿಸಿ, ತಟ್ಟೆ ತಂದು ಕೂತಳು. ಒಂದು ತಿಂಗಳಿಂದ ನಿಂತಿದ್ದ ಮಾವ ಅವಳ ಎದುರಿಗೆ ಕೂತರು.

ಏಣಿ ಕಿರುಗುಟ್ಟಿತು. ಅಜ್ಜಿ! ಜನ್ಮದಲ್ಲಿ ಮಾಳಿಗೆ ಹತ್ತದವಳು ಏದುಸಿರು ಬಿಡುತ್ತ ಮೇಲೆ ಬಂದು, ಬದು ದಾಟಿ, ನನ್ನನ್ನು ಮೊಳಕೈಯಿಂದ ಅತ್ತ ತಳ್ಳಿ, ಕೂತೇಬಿಟ್ಟಳು. "ಹೊಲ ಅಂದ್ಮ್ಯಾಲೆ ನಾನೂ ಕುಂದ್ರತೀನಿ. ನನಗೇನು ಹಸಿವಿಲ್ಲೇನು? ಬಡಸ್ರಿ" ಎಂದಳು. ಇಡೀ ಜನ್ಮ ಮಂದಿಯ ಜೊತೆ ಕೂತು ಉಣ್ಣದವಳು ಅವಳೂ ಅಲ್ಲವೇ? ನಮಗದು ಹೊಳೆದೇ ಇರಲಿಲ್ಲ.

ಈಗ ಅತ್ತೆ ಬಡಿಸಿದಳು. ಮಾವನಿಗೆ ಎರಡು, ನನಗೆ ಎರಡು, ಅಜ್ಜಿಗೆ ಒಂದು ಬಿಳಿ ಮೆತ್ತನೆಯ ರೊಟ್ಟಿ. ಆಮೇಲೆ ಬುಟ್ಟಿಯ ತಳಕ್ಕೆ ಕೈ ಹಾಕಿ, ಎಲ್ಲಕ್ಕಿಂತ ಕೆಳಗಿದ್ದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಒಲೆಯ ಮೇಲಿನ ಹಂಚು ಹದಕ್ಕೆ ಬರುವ ಮೊದಲು ಹಾಕಿದ ರೊಟ್ಟಿ. ಒಂದು ಕಡೆ ಹರಿದಿತ್ತು, ಇನ್ನೊಂದು ಕಡೆ ಸೀದು ಕರಿಯಾಗಿತ್ತು. ಯೋಚಿಸಿ ಮಾಡಿದ್ದಲ್ಲ ಅದು, ಅವಳ ಕೈಗೆ ರೂಢಿಯಾಗಿತ್ತು. ಕತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ದಿನವೂ ಉಣ್ಣುತ್ತಿದ್ದದ್ದು ಅದನ್ನೇ. ಅಲ್ಲಿಯವರೆಗೆ ಅವಳ ಕೈಯ ಮೆತ್ತನೆಯ ರೊಟ್ಟಿ ತಿಂದು ತೇಗಿದ ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮಾವ ನೋಡಿದರು. ಕೈ ಚಾಚಿ ಆ ರೊಟ್ಟಿಯನ್ನು ತೆಗೆದುಕೊಂಡು, ತಮ್ಮದೊಂದನ್ನು ಅವಳ ತಟ್ಟೆಗೆ ಹಾಕಿದರು.

"ಅದು ಸೀದೈತ್ರೀ! ನಿಮಗಲ್ಲ ಅದು" ಎಂದು ಅತ್ತೆ ಅವರ ಕೈ ಹಿಡಿದಳು.

"ಗೊತ್ತಾತು ಬಿಡು" ಎಂದರು ಮಾವ. ಸೀದ ಕಡೆಯಿಂದಲೇ ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಪಕ್ಕಕ್ಕೆ ತಿರುಗಿ, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, "ಹೊಗಿ" ಎಂದರು.

ನಾನು ತಲೆಯೆತ್ತಿ ಬಿದಿರಿನ ಗಳದ ಕಡೆ ನೋಡಿದೆ. ಸೀರೆಯಂಚಿನ ಬಾವುಟ ಬೀದಿಯ ಕಡೆಗೆ ಹಾರುತ್ತಿತ್ತು. ಒಲೆಯ ಹೊಗೆಯೆಲ್ಲ, ಮಾವ ಲೆಕ್ಕ ಹಾಕಿದ್ದಂತೆಯೇ, ನಮ್ಮಿಂದ ದೂರ ಹೋಗುತ್ತಿತ್ತು.